ನೀರಿಗೆ ದಾರಿ ಕೊಟ್ಟ ಗೋಡೆ

ಬಯಲುಸೀಮೆಯ ರೈತನಿಗೆ ಸೀಗಿ ಹುಣ್ಣಿಮೆ ಬಂತೆಂದರೆ ಹೊಲದಲ್ಲಿ ಚರಗ ಚೆಲ್ಲುವ ಸಂಭ್ರಮ. ಕರಾವಳಿಯಲ್ಲಿ ಕಲ್ಲುಗೆಲಸವನ್ನೇ ಕಾಯಕವಾಗಿ ನಂಬಿದ ನಮ್ಮಂಥವರಿಗೆ ಅದೇ ಹುಣ್ಣಿಮೆ ವರ್ಷದ ದುಡಿಮೆಯ ಬಾಗಿಲು ತೆರೆಯುವ ದಿನ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ನಮ್ಮ ಗದಗ ಸೀಮೆಯಲ್ಲಿ ಸುಮಾರು ಐದು ವರ್ಷಕ್ಕೆ ಬೀಳುವಷ್ಟು ನೀರು ಇಲ್ಲಿ ಒಂದೇ ವರ್ಷದಲ್ಲಿ ಬೀಳುತ್ತದೆಂದರೆ ಅದರ ರಭಸವನ್ನು ಓದುಗ ಬಂಧುಗಳು ಊಹಿಸಿಕೊಳ್ಳಬಹುದು. ಆ ನಾಲ್ಕು ತಿಂಗಳು ಪಾಯ ತೋಡುವಂತಿಲ್ಲ, ಧರೆಯನ್ನು ಮುಟ್ಟುವಂತಿಲ್ಲ, ಕಲ್ಲು ತುಂಬಿದ ಲಾರಿ ಕೇರಿಯೊಳಗೆ ಬರುವಂತಿಲ್ಲ. ಆಶ್ವೀಜ ಮುಗಿದು ಕಾರ್ತಿಕ ಕಾಲಿಟ್ಟಾಗ ನೆಲ ಹದಕ್ಕೆ ಬರುತ್ತದೆ. ಮೇಲೆ ಒಣಗಿ ಒಳಗೆ ಹಸಿ ಉಳಿದಿರುವ ಆ ಮಣ್ಣಿನಲ್ಲಿ ಗುದ್ದಲಿ ಸುಲಭವಾಗಿ ಇಳಿಯುತ್ತದೆ, ನೆಟ್ಟ ಸಸಿ ಬೇಗ ಬೇರೂರುತ್ತದೆ. ಕಾರ್ತಿಕ ಮಾರ್ಗಶಿರಗಳ ಈ ದುಡಿಮೆಯೇ ನಮ್ಮ ವರ್ಷದ ಅನ್ನಕ್ಕೆ ಆಧಾರ.

ನಮ್ಮದು ಅಂಗಳ, ಹೂದೋಟ, ಪಾಗಾರ, ಮೆಟ್ಟಿಲು, ಬಾವಿಕಟ್ಟೆಗಳನ್ನು ಅಣಿಗೊಳಿಸುವ ಒಂಬತ್ತು ಜನರ ತಂಡ. ಐವರು ಗದಗ, ಬಾಗಲಕೋಟೆಗಳ ಕಡೆಯಿಂದ ಬಂದವರು. ಉಳಿದ ನಾಲ್ವರು ಇಲ್ಲಿಯವರೇ. ಬಯಲುಸೀಮೆಯವರ ಕೈ ಕಲ್ಲಿನಲ್ಲಿ ಪಳಗಿದ್ದರೆ ಕರಾವಳಿಯವರ ಕಣ್ಣು ನೀರಿನಲ್ಲಿ ಪಳಗಿದೆ. ಯಾವ ಗುಡ್ಡದ ನೀರು ಎಲ್ಲಿ ಇಳಿದು ಯಾವ ಹಳ್ಳವನ್ನು ಸೇರುತ್ತದೆಂಬುದನ್ನು ಅವರು ಬೇಸಿಗೆಯ ಒಣನೆಲದ ಮೇಲೆ ನಿಂತೇ ತೋರಿಸಬಲ್ಲರು. ತಂಡದ ಹಿರಿಯ ಗೌಂಡಿಗಳನ್ನು ನಾವೆಲ್ಲ ‘ಅಜ್ಜಾರು’ ಎಂದೇ ಕರೆಯುತ್ತೇವೆ. ತೂಗುಗುಂಡನ್ನು ಇಳಿಬಿಡುವ ಮೊದಲೇ ಗೋಡೆಯ ಓರೆಕೋರೆಗಳನ್ನು ಹೇಳಬಲ್ಲವರು ಅವರು. ಸಸಿ ನೆಡುವ, ಹುಲ್ಲು ಹಾಸುವ ಕೆಲಸವನ್ನು ಹೊನ್ನಾವರದ ಕಡೆಯ ಇಬ್ಬರು ಅಕ್ಕಂದಿರು ನಿರ್ವಹಿಸುತ್ತಾರೆ.

ನಮ್ಮ ತಂಡದಲ್ಲಿ ಒಂದು ಕಟ್ಟಳೆಯಿದೆ. ಅಮಾವಾಸ್ಯೆಯಂದು ಯಾರೂ ಸುತ್ತಿಗೆ ಎತ್ತುವುದಿಲ್ಲ. ಬಯಲುಸೀಮೆಯಲ್ಲಿ ಅಂದು ಎತ್ತುಗಳಿಗೆ ನೊಗದಿಂದ ಬಿಡುವು. ಇಲ್ಲಿ ಎತ್ತುಗಳಿಲ್ಲದ ಕಾರಣ ಆ ಬಿಡುವು ಉಳಿ, ಹಾರೆ, ಗುದ್ದಲಿಗಳಿಗೆ ಸಂದಿದೆ. ಅಂದು ಬುತ್ತಿ ಕಟ್ಟಿಕೊಂಡು ಹತ್ತಿರದ ಯಾವುದಾದರೊಂದು ಹಳೆಯ ಕಲ್ಲುಕಟ್ಟಡವನ್ನು ನೋಡಿ ಬರುತ್ತೇವೆ. ಇದು ವಿಹಾರವೂ ಹೌದು, ಪಾಠವೂ ಹೌದು. ನೂರಾರು ಮಳೆಗಾಲಗಳನ್ನು ಕಂಡು ನಿಂತಿರುವ ಗೋಡೆಗಿಂತ ದೊಡ್ಡ ಗುರು ಗೌಂಡಿಗೆ ಇನ್ನಾರಿದ್ದಾರೆ?

ಈ ಸೀಮೆಯ ಕಟ್ಟಡಗಳ ಜೀವಾಳವೆಂದರೆ ಚಿರೆಕಲ್ಲು, ಕೆಂಪುಕಲ್ಲೆಂದೂ ಹೇಳುವುದುಂಟು. ಯುಗಯುಗಗಳ ಬಿಸಿಲು ಮಳೆಗಳ ಸರದಿಯಲ್ಲಿ ಮೂಲಶಿಲೆಯ ಸಿಲಿಕಾ ಮೊದಲಾದ ಅಂಶಗಳು ಕರಗಿ ಹರಿದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶಗಳು ಉಳಿದು ಗಟ್ಟಿಗೊಂಡಾಗ ಇದು ರೂಪುಗೊಳ್ಳುತ್ತದೆ. 1800-1801ರಲ್ಲಿ ಮೈಸೂರು, ಮಲಬಾರ್ ಮತ್ತು ಕೆನರಾ ಪ್ರಾಂತಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಮಲಬಾರಿನ ಅಂಗಾಡಿಪುರಂ ಬಳಿ ಕಂಡ ಇಂಥ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದ ಅದಕ್ಕೆ ಮೂಲ. ಹೆಸರು ಒಪ್ಪುವಂಥದೇ. ನೆಲದೊಳಗಿರುವಾಗ ಇದು ಕೊಯ್ಯಲು ಬರುವಷ್ಟು ಮೆದು. ಹೊರಬಂದು ಗಾಳಿ ಬಿಸಿಲುಗಳಿಗೆ ಒಡ್ಡಿಕೊಂಡಂತೆ ಗಡಸಾಗುತ್ತದೆ. ಆದಕಾರಣ ಕ್ವಾರಿಯಿಂದ ಬಂದ ಹೊಸ ಕಲ್ಲನ್ನು ಕೂಡಲೇ ಕಟ್ಟಡಕ್ಕೆ ಏರಿಸದೆ ಕೆಲವು ವಾರ ಬಯಲಲ್ಲಿ ಒಟ್ಟಿಡುವುದು ವಾಡಿಕೆ. “ಹಸಿಗಲ್ಲು ಹಸುಗೂಸು ಇದ್ದಂಗ. ಬಂದ ದಿನಾನ ಅದರ ತಲಿಮ್ಯಾಲ ಹೊರೆ ಹೊರಸಬ್ಯಾಡ್ರಿ” ಎಂದು ಅಜ್ಜಾರು ಹೊಸಬರಿಗೆ ಹೇಳುತ್ತಾರೆ. ಹಿಂದೆ ಪಿಕಾಸಿಯಿಂದ ಕಡಿದು ತೆಗೆಯುತ್ತಿದ್ದ ಕಲ್ಲನ್ನು ಇಂದು ಯಂತ್ರದ ಗರಗಸ ಕೊಯ್ಯುತ್ತದೆ. ಕೆಲಸ ಹಗುರವಾಗಿದೆ, ಧೂಳು ಮಾತ್ರ ಹೆಚ್ಚಿದೆ. ಮೂಗಿಗೆ ಬಟ್ಟೆ ಕಟ್ಟದೆ, ಕಲ್ಲಿಗೆ ನೀರು ಚಿಮುಕಿಸದೆ ಕೊಯ್ಯಬಾರದೆಂಬುದು ನಮ್ಮ ಇನ್ನೊಂದು ಕಟ್ಟಳೆ.

2024ರ ದೀಪಾವಳಿಗೆ ಎಲ್ಲರೂ ಊರಿಗೆ ಹೋಗಿ, ಬಲಿಪಾಡ್ಯಮಿ ಮುಗಿಸಿಕೊಂಡು ಹುಬ್ಬಳ್ಳಿ, ಶಿರಸಿಗಳ ಮಾರ್ಗವಾಗಿ ದೇವಿಮನೆ ಘಟ್ಟವನ್ನಿಳಿದು ಕುಮಟೆಗೆ ಮರಳಿದೆವು. ಅಲ್ಲಿ ನಿವೃತ್ತ ಮಾಸ್ತರರೊಬ್ಬರ ಇಳಿಜಾರಿನ ತೋಟ. ಮಳೆ ಬಂದಾಗಲೆಲ್ಲ ಮೇಲ್ಮಣ್ಣು ಕೊಚ್ಚಿಹೋಗಿ ತೆಂಗಿನ ಬೇರುಗಳು ಹೊರಬಿದ್ದಿದ್ದವು. ಇಳಿಜಾರನ್ನು ಮೂರು ಹಂತಗಳನ್ನಾಗಿ ಮಾಡಿ, ಹಂತಕ್ಕೊಂದು ಮೂರಡಿ ಎತ್ತರದ ಒಣಗಲ್ಲಿನ ಕಟ್ಟೆ ಕಟ್ಟಿದೆವು. ಸಿಮೆಂಟು ಸೋಕದ ಇಂಥ ಕಟ್ಟೆಯ ನಿಯಮಗಳು ಹಳೆಯವು, ಸರಳವಾದವು. ಪಾಯವು ಗಟ್ಟಿನೆಲವನ್ನು ಮುಟ್ಟಬೇಕು. ದೊಡ್ಡ ಕಲ್ಲು ಬುಡಕ್ಕೆ ಹೋಗಬೇಕು. ಸಂದಿಯ ಮೇಲೆ ಸಂದಿ ಬರಬಾರದು. ಅಲ್ಲಲ್ಲಿ ಗೋಡೆಯ ದಪ್ಪಕ್ಕೆ ಅಡ್ಡಹಾಯುವ ಉದ್ದಗಲ್ಲು ಬೀಳಬೇಕು. ಇಡೀ ಗೋಡೆ ಗುಡ್ಡಕ್ಕೆ ಒರಗಿದಂತೆ ತುಸು ಹಿಂದಕ್ಕೆ ವಾಲಿರಬೇಕು. ಕಲ್ಲುಗಳ ನಡುವಣ ಸಂದಿಯಲ್ಲಿ ನೀರು ಸೋರಿಹೋಗುತ್ತದೆ, ಮಣ್ಣು ಉಳಿಯುತ್ತದೆ. ಹತ್ತು ದಿನದಲ್ಲಿ ಕೆಲಸ ಮುಗಿಯಿತು.

ಅನಂತರ ಹೊನ್ನಾವರದಲ್ಲಿ ಒಂದು ಬಾವಿಕಟ್ಟೆ, ಹೊಳೆಯ ಕಡೆಗೆ ಇಳಿಯುವ ಹದಿನೆಂಟು ಮೆಟ್ಟಿಲು. ಒಂದು ಭಾನುವಾರ ಸಂಜೆ ಕೆಲಸ ಬೇಗ ಮುಗಿಸಿ ಕಡಲ ದಡಕ್ಕೆ ಹೋದೆವು. ದೂರದಲ್ಲಿ ಬಸವರಾಜದುರ್ಗದ ದ್ವೀಪ ಕಾಣುತ್ತಿತ್ತು. ಕೆಳದಿಯ ಲಿಂಗವಂತ ಅರಸರು ತಮ್ಮ ರಾಜಕುಮಾರನೊಬ್ಬನ ಹೆಸರಿನಲ್ಲಿ ಕಡಲ ನಡುವೆ ಕಟ್ಟಿಸಿದ ಕೋಟೆಯದು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ಹೆಸರನ್ನು ಇಲ್ಲಿಯ ಜನ ಇಂದಿಗೂ ಅದರೊಡನೆ ನೆನೆಯುತ್ತಾರೆ. ಅಂದು ದೋಣಿ ಸಿಗದ್ದರಿಂದ ದಡದ ಮೇಲೆ ಕುಳಿತೇ ನೋಡಿದೆವು. ಉಪ್ಪುಗಾಳಿಯಲ್ಲಿ ಮೂರು ಶತಮಾನಗಳಿಗೂ ಮಿಕ್ಕಿ ನಿಂತಿರುವ ಚಿರೆಕಲ್ಲು ಅದು. ಅದನ್ನು ಹೊತ್ತ ಕೂಲಿಕಾರರ ಹೆಸರನ್ನು ಯಾವ ಶಾಸನವೂ ಹೇಳದು. ಅಜ್ಜಾರು ಮಾತ್ರ ಬಹಳ ಹೊತ್ತು ಅತ್ತಲೇ ನೋಡುತ್ತ, “ಅಷ್ಟು ಕಲ್ಲು ದೋಣಿಗೆ ಏರಿಸಿದ್ರೋ, ಅಲ್ಲೇ ಕಡಿದ್ರೋ, ಅವರ ರಟ್ಟಿಗೆ ಶರಣು” ಎಂದು ಕೈಮುಗಿದರು.

ಆ ವರ್ಷದ ಮುಖ್ಯ ಕೆಲಸ ಭಟ್ಕಳದ ಸಮೀಪ ಕಾದಿತ್ತು. ಗುಡ್ಡದ ಬುಡವನ್ನು ಕಡಿದು ಮಟ್ಟಮಾಡಿ ಕಟ್ಟಿದ ಮನೆ. ತಾಯಿ, ಮಗ, ಸೊಸೆ ಹಾಗೂ ವೈಶಾಖದಲ್ಲಿ ಮದುವೆ ನಿಶ್ಚಯವಾಗಿದ್ದ ಮಗಳು ಆ ಮನೆಯಲ್ಲಿದ್ದರು. ಮದುವೆಯ ಮುನ್ನ ಎದುರಿನ ಅಂಗಳಕ್ಕೆ ಚಿರೆಕಲ್ಲಿನ ಹಾಸು, ಹೊಸ ಪಾಗಾರ, ಎರಡು ಕಂಬದ ಗೇಟು, ಪಕ್ಕದಲ್ಲಿ ಭಟ್ಕಳ ಮಲ್ಲಿಗೆಯ ಮಡಿ ಆಗಬೇಕೆಂದು ನಮ್ಮನ್ನು ಕರೆಸಿದ್ದರು. ಒಂಬತ್ತು ಜನರಿಗೆ ಮೂರು ವಾರದ ದುಡಿಮೆ, ಲಾಭವೂ ಉಂಟು. ಅಳತೆ ಹಿಡಿಯುತ್ತ ಮನೆಯನ್ನೊಂದು ಸುತ್ತು ಬಂದಾಗ ಹಿತ್ತಿಲಲ್ಲಿ ನಮ್ಮ ಕಾಲು ನಿಂತಿತು. ಧರೆಗೆ ಒರಗಿಸಿ ಹಿಂದೆ ಬೇರಾರೋ ಕಟ್ಟಿದ್ದ ಗೋಡೆ ಆ ಮಳೆಗಾಲದಲ್ಲಿ ಉಬ್ಬಿ, ಅರ್ಧ ಮಗುಚಿ ಬಿದ್ದಿತ್ತು. ಅಲ್ಲಿಂದ ಎಂಟು ಹೆಜ್ಜೆ ದೂರದಲ್ಲಿ ತಾಯಿ ಮಲಗುವ ಕೋಣೆಯ ಕಿಟಕಿ.

ಬಿದ್ದ ಗೋಡೆಯ ಕಲ್ಲು ಒಳ್ಳೆಯದೇ, ಸಿಮೆಂಟೂ ಒಳ್ಳೆಯದೇ. ಕೊರತೆ ಒಂದೇ: ಅದರಲ್ಲಿ ನೀರು ಹೊರಬರಲು ಒಂದಾದರೂ ಕಂಡಿ ಇರಲಿಲ್ಲ. ಹಿಂಬದಿಗೆ ಜಲ್ಲಿಯ ಬದಲು ಅಗೆದ ಜೇಡಿಯನ್ನೇ ತುಂಬಿದ್ದರು. ಕಟ್ಟಿದವರು ಗೋಡೆಯ ಹೊಣೆ ನೀರನ್ನು ತಡೆಯುವುದೆಂದು ಭಾವಿಸಿದಂತಿತ್ತು. ಲೆಕ್ಕ ನೋಡಿದರೆ ಭಯವಾಗುತ್ತದೆ. ಆರಡಿ ಎತ್ತರದ ಗೋಡೆಯ ಹಿಂದೆ ತುದಿಯವರೆಗೆ ನೀರು ನಿಂತರೆ, ಆ ನೀರೊಂದೇ ಗೋಡೆಯ ಪ್ರತಿ ಅಡಿ ಉದ್ದವನ್ನು ಸುಮಾರು 500 ಕಿಲೋ ಭಾರದಿಂದ ತಳ್ಳುತ್ತದೆ. ಆ ಗೋಡೆಯ ಉದ್ದ 40 ಅಡಿ. ಎಂದರೆ 20 ಟನ್! ನೆನೆದ ಮಣ್ಣಿನ ಒತ್ತಡ ಬೇರೆ. ನೀರಿಗೆ ದಾರಿ ಬಿಟ್ಟರೆ ಈ 20 ಟನ್ನಿನ ಹೊರೆ ತಾನಾಗಿಯೇ ಇಳಿಯುತ್ತದೆ.

ಮನೆಯ ಯಜಮಾನರಿಗೆ ಇದನ್ನು ವಿವರಿಸಿ, ಮೊದಲು ಹಿತ್ತಿಲ ಗೋಡೆಯಾಗಲೆಂದು ಬಿನ್ನವಿಸಿದೆವು. ಅವರ ಸಂಕಟವೂ ಸುಳ್ಳಲ್ಲ. ಕೈಯಲ್ಲಿದ್ದ ಹಣ ಒಂದು ಕೆಲಸಕ್ಕೆ ಮಾತ್ರ ಸಾಲುವಂತಿತ್ತು. ಬೀಗರು ಬರುವುದು ಎದುರಿನ ಬಾಗಿಲಿಗೆ. ಹಿತ್ತಿಲನ್ನು ನೋಡುವವರಾರು? ತಂಗಿಯ ಮದುವೆಯಲ್ಲಿ ಅಂಗಳ ಹಾಳುಬಿದ್ದಂತಿದ್ದರೆ ನಾಲ್ಕು ಜನರ ಮುಂದೆ ತಲೆಯೆತ್ತುವುದು ಹೇಗೆಂದು ಅವರು ಕೇಳಿದರು. ನಮ್ಮ ತಂಡದಲ್ಲೂ ಒಮ್ಮತವಿರಲಿಲ್ಲ. ಹಿತ್ತಿಲಿಗೆ ಲಾರಿ ಹೋಗದು, ಕಲ್ಲನ್ನು ತಲೆಯ ಮೇಲೆಯೇ ಹೊರಬೇಕು. ಶ್ರಮ ಇಮ್ಮಡಿ, ಉಳಿತಾಯ ಅರ್ಧ. ಕರೆದವರು ಕೇಳಿದ್ದನ್ನು ಮಾಡಿಕೊಟ್ಟು ಹೋಗುವುದು ಲೇಸೆಂದು ತರುಣರಿಬ್ಬರು ಹೇಳಿದರು. ಇಲ್ಲಿಯವನೇ ಆದ ಒಬ್ಬ ಹುಡುಗ ಆಗ ಮೆಲ್ಲನೆ 2022ರ ಆಗಸ್ಟ್ 2ನ್ನು ನೆನಪಿಸಿದ. ಅಂದು ಭಟ್ಕಳದಲ್ಲಿ ಒಂದೇ ದಿನ 500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದು, ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ನಾಲ್ವರು ಮಡಿದಿದ್ದರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಜಾರಿ ಹಲವರನ್ನು ಬಲಿತೆಗೆದುಕೊಂಡ ದುಃಖವಂತೂ ಆಗ ನಾಲ್ಕೇ ತಿಂಗಳ ಹಿಂದಿನದು. ಯಾರೂ ಮಾತಾಡಲಿಲ್ಲ.

ಮಾತಾಡಿದವರು ಬಾಗಿಲಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದ ಆ ತಾಯಿ. “ಹಿಂದಿಂದು ಮೊದ್ಲು ಮಾಡು ತಮಾ. ಗೇಟು ಇಲ್ಲಾಂತ ಯಾರೂ ನಿದ್ದೆಗೆಡುದಿಲ್ಲ. ನಾ ನಾಲ್ಕು ತಿಂಗ್ಳು ಮಳೆಶಬ್ದ ಕೇಳ್ತಾ ಕೂತಿದ್ದೆ, ಕಣ್ಣು ಮುಚ್ಚಿದ್ದಿಲ್ಲ” ಎಂದರು. ಮದುಮಗಳು ತಾಯಿಯ ಪಕ್ಕದಲ್ಲಿ ನಿಂತು, “ಹೌದು ಅಣ್ಣ, ನಾ ಹೋದ್ಮೇಲೆ ಆಯಿ ಆ ಕೋಣೆಲಿ ಒಬ್ಳೇ ಮಲಗ್ಬೇಕಲ್ಲ” ಎಂದಳು. ಆ ಮಾತಿನ ಮುಂದೆ ಅಣ್ಣನ ಲೆಕ್ಕಾಚಾರ ನಿಲ್ಲಲಿಲ್ಲ. ನಮ್ಮವರ ಗೊಣಗಾಟವೂ ನಿಂತಿತು.

ಕೆಲಸ ನಾವೆಣಿಸಿದ್ದಕ್ಕಿಂತ ಕಷ್ಟದ್ದಾಯಿತು. ಬಿದ್ದುದನ್ನೆಲ್ಲ ತೆಗೆದು ಗಟ್ಟಿನೆಲ ಸಿಗುವವರೆಗೆ ಪಾಯ ತೋಡಿದೆವು. ಧರೆ ಮೈಮೇಲೆ ಬಾರದಂತೆ ಒಮ್ಮೆಗೆ ಹತ್ತಡಿ ಮಾತ್ರ ಅಗೆದು, ಅಷ್ಟನ್ನು ಕಟ್ಟಿದ ಮೇಲೆ ಮುಂದಿನ ಹತ್ತಡಿಗೆ ಕೈಹಚ್ಚಿದೆವು. ಬುಡದಲ್ಲಿ ಮೂರೂವರೆ ಅಡಿ, ತಲೆಯಲ್ಲಿ ಒಂದೂವರೆ ಅಡಿ ದಪ್ಪ. ಕೆಳವರಸೆಗಳಿಗೆ ಕರಿಕಲ್ಲು, ಮೇಲಕ್ಕೆ ಚಿರೆಕಲ್ಲು. ಗೋಡೆ ಏರಿದಂತೆ ಅದರ ಬೆನ್ನಿಗೆ ಒಂದಡಿ ಅಗಲಕ್ಕೆ ಜಲ್ಲಿ ತುಂಬಿದೆವು. ಐದೈದು ಅಡಿಗೊಂದರಂತೆ ನಾಲ್ಕಿಂಚಿನ ಎಂಟು ಕೊಳವೆಗಳನ್ನು ಹೊರಮುಖವಾಗಿ ತುಸು ಇಳಿಸಿ ಕೂರಿಸಿದೆವು.

ಈ ನಡುವೆ ಛಟ್ಟಿ ಅಮಾವಾಸ್ಯೆ ಬಂತು. ಅಂದು, ಡಿಸೆಂಬರ್ 1ರ ಭಾನುವಾರ, ಭಟ್ಕಳದ ಹಳೆಯ ಶಿಲಾಲಯಗಳನ್ನು ನೋಡಲು ಹೋದೆವು. ಖೇತಪೈ ನಾರಾಯಣ ದೇವಾಲಯದ ಹೊರಗೋಡೆಯ ರಾಮಾಯಣದ ಕೆತ್ತನೆಗಳ ಮುಂದೆ ಅಕ್ಕಂದಿರು ಮೈಮರೆತು ನಿಂತರು. ಅಜ್ಜಾರ ಕಣ್ಣು ಮೇಲಕ್ಕೆ ಹೋಗಿತ್ತು. ಇಲ್ಲಿಯ ದೇವಾಲಯ, ಬಸದಿಗಳಿಗೆ ಬಯಲುಸೀಮೆಯ ಗುಡಿಗಳಂತೆ ಸಮತಟ್ಟಾದ ಮಾಳಿಗೆಯಿಲ್ಲ. ಕಲ್ಲಿನ ಹಾಸುಗಳನ್ನೇ ಹಂಚಿನ ಮಾಡಿನಂತೆ ಇಳಿಜಾರಾಗಿ ಜೋಡಿಸಿದ್ದಾರೆ. ಮರ ಮತ್ತು ಹುಲ್ಲಿನ ಮನೆಗಳಿಂದ ಕಲಿತ ವಿದ್ಯೆಯನ್ನು ಶಿಲ್ಪಿಗಳು ಕಲ್ಲಿಗೆ ದಾಟಿಸಿದ್ದಾರೆ. ಜಟ್ಟಪ್ಪನಾಯಕನ ಚಂದ್ರನಾಥೇಶ್ವರ ಬಸದಿಯಲ್ಲೂ ಅದೇ ಜಾಣ್ಮೆ. “ನೋಡ್ರಿ, ದೇವರಿಗೆ ಮನಿ ಕಟ್ಟಿದವ್ರೂ ಮೊದಲ ಮಳಿಗೆ ದಾರಿ ಮಾಡಿಕೊಟ್ಟಾರ” ಎಂದರು ಅಜ್ಜಾರು.

ಮರುದಿನವೇ ಆ ಮಾತಿನ ಪರೀಕ್ಷೆಯಾಯಿತು. ಪುದುಚೇರಿಯ ಬಳಿ ದಡಕ್ಕೆ ಅಪ್ಪಳಿಸಿದ ಫೆಂಗಲ್ ಚಂಡಮಾರುತದ ಶೇಷ ಇತ್ತ ಸರಿದು ಕರಾವಳಿಗೆ ಅಕಾಲ ಮಳೆ ತಂದಿತು. ತೆರೆದ ಪಾಯಕ್ಕೆ ತಾಡಪಾಲು ಹೊದಿಸಿ ನಾವೆಲ್ಲ ಹಿತ್ತಿಲ ಚಪ್ಪರದಡಿ ನಿಂತಿದ್ದೆವು. ಕೂಲಿ ಹೋಯಿತೆಂಬ ಚಿಂತೆಯ ನಡುವೆಯೂ ಆ ಮಳೆ ಉಪಕಾರವನ್ನೇ ಮಾಡಿತು. ಗೋಡೆಯ ಬಡಗಣ ಮೂಲೆಯಲ್ಲಿ, ಒಣಗಾಲದಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಒರತೆ ಧರೆಯೊಳಗಿಂದ ಕೆಂಪಗೆ ಒಸರತೊಡಗಿತು. ಮಳೆ ನಿಂತ ಮೇಲೆ ಅಲ್ಲೊಂದು ಹೆಚ್ಚಿನ ಕಂಡಿಯನ್ನಿಟ್ಟು, ಅದರ ಹಿಂದೆ ಜಲ್ಲಿಯನ್ನು ಇನ್ನಷ್ಟು ತುಂಬಿದೆವು. ಧರೆಯ ನೆತ್ತಿಯಲ್ಲಿ ಗುಡ್ಡದ ನೀರನ್ನು ಬದಿಗೆ ತಿರುಗಿಸುವ ಅಗಳ ತೋಡಿದೆವು. ಅಕ್ಕಂದಿರು ಇಳಿಜಾರಿನ ತುಂಬ ಸಾಲುಸಾಲಾಗಿ ಲಾವಂಚ ನೆಟ್ಟರು. ಲಾವಂಚದ ಬೇರು ಆಳಕ್ಕೆ ನೇರವಾಗಿ ಇಳಿದು ಮಣ್ಣನ್ನು ಹೆಣೆದು ಹಿಡಿಯುತ್ತದೆ. ಗೌಂಡಿ ಕಟ್ಟಿದ್ದು ದಿನದಿನಕ್ಕೆ ಹಳತಾಗುತ್ತದೆ, ಗಿಡ ಕಟ್ಟಿದ್ದು ದಿನದಿನಕ್ಕೆ ಬಲಿಯುತ್ತದೆ.

ಕೆಲಸ ಮುಗಿಯುವಾಗ ಎಳ್ಳಮಾವಾಸ್ಯೆ ಹತ್ತಿರವಾಗಿತ್ತು. ಊರಿಗೆ ಹೋಗಿಬರಲು ಬಿಡುವಿರಲಿಲ್ಲ. ನಮ್ಮ ಮನೆಯಾಕೆ ಹಿಂದಿನ ರಾತ್ರಿಯೇ ಸಜ್ಜೆರೊಟ್ಟಿ, ಎಳ್ಳುಹೋಳಿಗೆ, ಶೇಂಗಾಹೋಳಿಗೆ, ಕಡುಬು, ಪುಂಡಿಪಲ್ಯ, ಗುರೆಳ್ಳು ಚಟ್ನಿಗಳನ್ನು ಅಣಿಮಾಡಿದರು. ಚರಗ ಚೆಲ್ಲಲು ನಮಗೆ ಇಲ್ಲಿ ಹೊಲವೆಲ್ಲಿದೆ? ಕುಮಟೆಯ ಮಾಸ್ತರರು, “ನೀವೇ ಕಟ್ಟಿದ ಕಟ್ಟೆ ಉಂಟಲ್ಲ, ಅದೇ ನಿಮ್ಮ ಹೊಲ” ಎಂದು ತಮ್ಮ ತೋಟಕ್ಕೆ ಕರೆದರು. ಡಿಸೆಂಬರ್ 30ರ ಸೋಮವಾರ ಬೆಳಿಗ್ಗೆ ಆ ಮೂರು ಹಂತಗಳ ಮೇಲೆ ಚರಗ ಚೆಲ್ಲಿದೆವು. ಮಾಸ್ತರರ ಮನೆಯವರು ಕೊಟ್ಟ ಮುರುಗಲ ಹುಳಿಯ ಪಾನಕವೂ ನಮ್ಮ ಸಜ್ಜೆರೊಟ್ಟಿಯೂ ಒಂದೇ ಪಂಕ್ತಿಯಲ್ಲಿ ಕಲೆತವು.

ಅಲ್ಲಿಂದ ಮಿರ್ಜಾನಿನ ಕೋಟೆಗೆ ಹೋದೆವು. ಅಘನಾಶಿನಿಯ ಸಮೀಪದ ಈ ಚಿರೆಕಲ್ಲಿನ ಕೋಟೆಯೊಡನೆ, 16ನೆಯ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ, ಕಾಳುಮೆಣಸಿನ ರಾಣಿಯೆಂದು ಹೆಸರಾದ ಚೆನ್ನಭೈರಾದೇವಿಯ ನೆನಪು ಬೆರೆತಿದೆ. ಮಳೆಗಾಲದಲ್ಲಿ ಪಾಚಿಯಿಂದ ಹಸಿರಾಗಿ ಕಾಣುವ ಗೋಡೆಗಳು ಆಗ ತಮ್ಮ ಕೆಂಪನ್ನು ತೋರುತ್ತಿದ್ದವು. ಪ್ರವಾಸಿಗರೆಲ್ಲ ಬುರುಜುಗಳ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರೆ ನಮ್ಮ ತಂಡ ಕೋಟೆಯೊಳಗಿನ ಬಾವಿಗಳ ಸುತ್ತ ನೆರೆದಿತ್ತು. ಆ ಬಾವಿಗಳಿಂದ ಹೊರಗಿನ ಕಂದಕಕ್ಕೆ ಕಾಲುವೆಯ ಸಂಪರ್ಕವಿದೆ. ವೈರಿಯನ್ನು ತಡೆಯಲು ಅಷ್ಟು ಎತ್ತರದ ಗೋಡೆ ಕಟ್ಟಿದವರೂ ನೀರನ್ನು ವೈರಿಯೆಂದು ಎಣಿಸಲಿಲ್ಲ, ಅದಕ್ಕೊಂದು ದಾರಿಯನ್ನು ಕೊಟ್ಟರು. ಮಗುಚಿದ ಗೋಡೆಯನ್ನು ತಿಂಗಳುಗಟ್ಟಲೆ ಕಂಡುಬಂದಿದ್ದ ನಮ್ಮ ತರುಣರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಭಟ್ಕಳದ ಮನೆಯಲ್ಲಿ ವೈಶಾಖದ ಮದುವೆ ಗೇಟಿಲ್ಲದೆಯೇ ನಡೆಯಿತು. ಅಡಿಕೆ ಮರದ ಕಂಬ ನೆಟ್ಟು, ಮಾವಿನ ತೋರಣ ಕಟ್ಟಿ, ಅಂಗಳಕ್ಕೆ ಸೆಗಣಿ ಸಾರಿಸಿದ್ದರು. ಬೀಗರು ಯಾರೂ ಕೊರತೆ ಎಣಿಸಲಿಲ್ಲ. ಆ ವರ್ಷ, 2025ರಲ್ಲಿ, ಮುಂಗಾರು ವಾಡಿಕೆಗಿಂತ ಒಂದು ವಾರ ಮೊದಲೇ, ಮೇ 24ರಂದು ಕೇರಳವನ್ನು ಮುಟ್ಟಿ ಬೆನ್ನಿಗೇ ನಮ್ಮ ಕರಾವಳಿಯನ್ನೂ ತುಂಬಿತು. ಗೋಡೆಯ ಕೆಲಸವನ್ನು ಮದುವೆ ಮುಗಿಯಲೆಂದು ಮುಂದೂಡಿದ್ದರೆ ಪಾಯ ತೋಡಲೂ ಸಮಯವಿರುತ್ತಿರಲಿಲ್ಲ. ಜೂನ್ ತಿಂಗಳ ಒಂದು ಬೆಳಿಗ್ಗೆ ಆ ಮನೆಯ ಸೊಸೆ ದೂರವಾಣಿಯಲ್ಲಿ, “ಒಂಬತ್ತು ಕಂಡಿಲೂ ನೀರು ಬರ್ತಾ ಉಂಟು. ನಮ್ಮತ್ತೆ ರಾತ್ರಿ ಚಲೋ ನಿದ್ದೆ ಮಾಡಿದ್ರು” ಎಂದರು. ಇಷ್ಟು ವರ್ಷಗಳ ಕಾಯಕದಲ್ಲಿ ಇದಕ್ಕಿಂತ ಹೆಚ್ಚಿನ ಕೂಲಿ ನಮಗೆ ಸಂದಿಲ್ಲ.

ಓದುಗ ಬಂಧುಗಳಲ್ಲಿ ಗುಡ್ಡದ ಬುಡದಲ್ಲಿ, ಕಡಿದ ಧರೆಯ ಕೆಳಗೆ ಮನೆ ಮಾಡಿದವರಿರಬಹುದು. ಅವರಿಗೆ ನಮ್ಮ ಅರಿಕೆ ಇಷ್ಟೇ. ಮಳೆ ನಿಂತ ಕೂಡಲೇ ಹಿತ್ತಿಲ ಗೋಡೆಯನ್ನು ಒಮ್ಮೆ ನೋಡಿರಿ. ಅದು ಉಬ್ಬಿದೆಯೇ, ಉದ್ದಕ್ಕೆ ಬಿರುಕು ಬಿಟ್ಟಿದೆಯೇ, ನೀರಿನ ಕಂಡಿಗಳು ಮಣ್ಣಿನಿಂದ ಮುಚ್ಚಿವೆಯೇ ಎಂದು ಪರೀಕ್ಷಿಸಿರಿ. ಆಳೆತ್ತರವನ್ನು ಮೀರಿದ ಧರೆಯಿದ್ದರೆ ಬಲ್ಲ ಇಂಜಿನಿಯರರ ಸಲಹೆ ಪಡೆಯದೆ ಕೈಹಾಕಬೇಡಿರಿ. ಇಡೀ ಗುಡ್ಡವೇ ಜಾರುವ ಕಡೆ ಯಾವ ಗೌಂಡಿಯ ಗೋಡೆಯೂ ಕಾಯಲಾರದು. ಕೆಲಸಕ್ಕೆ ಬಂದವರ ಬಗೆಗೂ ಒಂದು ಮಾತು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು. ಅನೇಕರಿಗೆ ಇದು ತಿಳಿಯದು. ಅವರಿಗೆ ತಿಳಿಸಿ, ಅವರು ದುಡಿದ ದಿನಗಳಿಗೆ ಪ್ರಮಾಣಪತ್ರ ಬರೆದುಕೊಡುವುದು ಮನೆಯ ಯಜಮಾನರು ಮಾಡಬಹುದಾದ ಸುಲಭ ದಾಸೋಹ.

ಗೋಡೆಯ ಮುಖವನ್ನು ಊರು ನೋಡುತ್ತದೆ, ಬೆನ್ನನ್ನು ಕಟ್ಟಿದವನು ಮಾತ್ರ ಬಲ್ಲ. ಆ ಬೆನ್ನಿನಲ್ಲಿ ತುಂಬಿದ ಜಲ್ಲಿಯನ್ನು ಮಣ್ಣು ಮುಚ್ಚಿದ ಮೇಲೆ ಯಾರೂ ಎಣಿಸಲಾರರು. ಕಾಯಕದ ಸಾಚಾತನ ಇರುವುದು ಅಲ್ಲಿಯೇ ಎಂದು ನಮ್ಮ ನಂಬುಗೆ. ಈ ಬಾರಿ ಮಳೆ ಹಿಂದೆಗೆದಾಗ, ಎದುರಿನ ಗೇಟಿಗೆ ಬಣ್ಣ ಬಳಿಯುವ ಮುನ್ನ ಒಂದು ಸಲ ಹಿತ್ತಿಲಿಗೆ ಹೋಗಿ ಬನ್ನಿರಿ.